ಅಡಿಸ್ ಅಬಾಬದಿಂದ ನೈರೋಬಿಗೆ ಎರಡೇ ಗಂಟೆ

ಕೆಲವರ ಬದುಕಿನಲ್ಲಿ ದೊಡ್ಡ ದೊಡ್ಡ ಘಟನೆಗಳು ನಡೆಯುತ್ತವೆ. ನನ್ನ ಬದುಕಿನಲ್ಲಿ ನಡೆಯುವುದೆಲ್ಲ ಇಂಥವೇ. ನನಗೇ ಯಾಕೆ ಹೀಗಾಗುತ್ತದೆ ಎಂದು ನಮ್ಮ ಮನೆಯವರನ್ನು ಕೇಳಿದರೆ, "ನೀನು ಅರ್ಧ ದಿನ ಕನಸಿನಲ್ಲಿ ಇರುತ್ತೀ, ಉಳಿದರ್ಧ ದಿನ ಎಲ್ಲಿದ್ದೇನೆ ಅಂತ ಹುಡುಕುತ್ತಿರುತ್ತೀ, ಮತ್ತೇನಾಗಬೇಕು" ಎನ್ನುತ್ತಾರೆ. ಇಂಜಿನಿಯರ್ ಮನುಷ್ಯ. ಅವರು ಹೇಳಿದ ಮೇಲೆ ಲೆಕ್ಕ ಸರಿಯೇ ಇರಬೇಕು.

ನಾನು ಕೆಲಸ ಮಾಡುವುದು ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನ ಒಂದು ಪುಟ್ಟ ಕಂಪನಿಯಲ್ಲಿ. ಜಗತ್ತಿನ ಯಾವುದೇ ಎರಡು ಊರುಗಳ ಹೆಸರು ಕೊಡಿ, ಅವುಗಳ ನಡುವೆ ಎಷ್ಟು ದೂರ, ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು ಎಂದು ನಮ್ಮ ವೆಬ್‌ಸೈಟು ಹೇಳುತ್ತದೆ. ಲೆಕ್ಕ ಮಾಡುವುದು ಕಂಪ್ಯೂಟರು. ಆ ಲೆಕ್ಕ ಮನುಷ್ಯರು ಓದುವ ಹಾಗಿದೆಯೇ ಎಂದು ನೋಡುವುದು ನನ್ನ ಕೆಲಸ. ನನ್ನ ಪಾಲಿಗೆ ಬಂದದ್ದು ಆಫ್ರಿಕಾದ ರಾಜಧಾನಿಗಳು. ಒಂದಕ್ಕೂ ಹೋದವಳಲ್ಲ. ಆದರೆ ದಿನವಿಡೀ ಆ ಹೆಸರುಗಳನ್ನು ನೋಡುತ್ತ ಕೂತರೆ ಕಣ್ಣೆದುರು ಬೀದಿಗಳು, ಸಂತೆಗಳು, ಸಂಜೆಯ ಬೆಳಕು ಎಲ್ಲ ತಾವಾಗಿಯೇ ಮೂಡುತ್ತವೆ. ಸಂಬಳ ಕೊಟ್ಟು ಕನಸು ಕಾಣಿಸುವ ಕೆಲಸ ಇನ್ನೆಲ್ಲಿ ಸಿಗಬೇಕು?

ನನ್ನ ಆಫೀಸು ನೈರೋಬಿಯಲ್ಲಿ

ನಮ್ಮ ಮನೆ ಮಾರ್ಗನ್ ಹಿಲ್‌ನಲ್ಲಿ. ಅಲ್ಲಿಂದ ಬೆರ್ರಿಯೆಸಾದವರೆಗೆ ಕಾರು, ಬೆರ್ರಿಯೆಸಾದಿಂದ ಟ್ರೇನು, ಓಕ್‌ಲ್ಯಾಂಡಿನಲ್ಲಿ ಇಳಿದು ಇನ್ನೊಂದು ಟ್ರೇನು, ಆಮೇಲೆ ವಾಲ್ನಟ್ ಕ್ರೀಕ್. ಎಲ್ಲ ಸರಿಹೋದರೆ ಎರಡು ಗಂಟೆ. ಒಂದು ದಿನ ಅಡಿಸ್ ಅಬಾಬ–ನೈರೋಬಿ ಪುಟವನ್ನು ನೋಡುತ್ತಿದ್ದೆ. ಇಥಿಯೋಪಿಯಾದ ರಾಜಧಾನಿಯಿಂದ ಕೀನ್ಯಾದ ರಾಜಧಾನಿಗೆ ಸುಮಾರು ಸಾವಿರದ ನೂರ ಅರವತ್ತು ಕಿಲೋಮೀಟರು, ವಿಮಾನದಲ್ಲಿ ಎರಡು ಗಂಟೆ. ಅರೆ, ನಾನು ದಿನಾ ಮಾಡುವ ಪ್ರಯಾಣ ಇದೇ ತಾನೇ ಎನಿಸಿತು.

ಅಂದಿನಿಂದ ಬೆರ್ರಿಯೆಸಾದಲ್ಲಿ ಟ್ರೇನು ಹತ್ತಿ ಕಿಟಕಿಗೆ ತಲೆ ಆನಿಸಿದರೆ ಮನಸ್ಸಿನಲ್ಲಿ ಅಡಿಸ್ ಅಬಾಬ ಬಿಟ್ಟಂತೆ. ಫ್ರೀಮಾಂಟಿನ ಹುಲ್ಲುಗುಡ್ಡಗಳು ಇಥಿಯೋಪಿಯಾದ ಬೆಟ್ಟಗಳಾಗುತ್ತವೆ. ಹೇವರ್ಡ್ ಬರುವಷ್ಟರಲ್ಲಿ ಕೆಳಗೆ ಉದ್ದುದ್ದ ಸರೋವರಗಳು ಹೊಳೆಯುತ್ತವೆ. ಓಕ್‌ಲ್ಯಾಂಡ್ ದಾಟಿದರೆ ಮರಳುಗಾಡು. ಟ್ರೇನು ಗುಡ್ಡದ ಸುರಂಗಕ್ಕೆ ನುಗ್ಗುವಾಗ ಕಿವಿ ಗಪ್ಪೆಂದು ಕಟ್ಟುತ್ತದಲ್ಲ, ಅದು ವಿಮಾನ ಇಳಿಯಲು ಶುರು ಮಾಡಿದ್ದು.

ಹೀಗೆ ಒಂದು ದಿನ ಕಿವಿ ಕಟ್ಟಿತು. ಅಭ್ಯಾಸದಂತೆ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡೆ. ಕಣ್ಣು ಅರ್ಧ ಮುಚ್ಚಿತ್ತು. ಪಕ್ಕದಲ್ಲಿ ಕೋಟು ತೊಟ್ಟ ಹಿರಿಯರೊಬ್ಬರು ಕೂತಿದ್ದರು. ಅವರನ್ನು ಬಹಳ ಗಂಭೀರವಾಗಿ, "ಇಮಿಗ್ರೇಷನ್ ಫಾರ್ಮು ಹಂಚಿ ಆಯಿತೇ?" ಎಂದು ಕೇಳಿದೆ.

ಅವರು ನನ್ನನ್ನು ಒಮ್ಮೆ ನೋಡಿದರು, ಕಿಟಕಿಯ ಕತ್ತಲನ್ನು ಒಮ್ಮೆ ನೋಡಿದರು. ಆಮೇಲೆ ನನಗಿಂತ ಗಂಭೀರವಾಗಿ ಹೇಳಿದರು: "ವಾಲ್ನಟ್ ಕ್ರೀಕಿಗೆ ವೀಸಾ ಕೇಳುವುದಿಲ್ಲ ತಾಯಿ. ಅಂಗಡಿಗಳ ಊರು, ಕ್ರೆಡಿಟ್ ಕಾರ್ಡು ಇದ್ದರೆ ಬಿಟ್ಟುಕೊಳ್ಳುತ್ತಾರೆ."

ಶುಕ್ರವಾರ ಸಂಜೆಯ ಆಕಾಶ

ನಮ್ಮ ಮ್ಯಾನೇಜರು ಬೆಂಗಳೂರಿನವರು. ಒಳ್ಳೆಯ ಮನುಷ್ಯ, ಆದರೆ ಇಲ್ಲಿ ಫ್ರೀವೇ ಮೇಲೆ ಕಳೆದ ವರ್ಷಗಳು ಅವರ ತಲೆಯನ್ನು ಒಂದು ಕಡೆಗೆ ಬಾಗಿಸಿಬಿಟ್ಟಿವೆ. ಎಷ್ಟು ದೂರ ಎಂದರೆ ಎಷ್ಟು ಹೊತ್ತು ಎಂದು ಕೇಳುತ್ತಾರೆ. ಎಷ್ಟು ಹೊತ್ತು ಎಂದರೆ ಯಾವಾಗ ಹೊರಟರೆ ಎಂದು ಕೇಳುತ್ತಾರೆ.

ಅಡಿಸ್ ಅಬಾಬ–ನೈರೋಬಿ ಪುಟವನ್ನು ಮೀಟಿಂಗಿನಲ್ಲಿ ತೋರಿಸಿದೆ. ಅವರು ಗಲ್ಲ ಕೆರೆದುಕೊಂಡು, "ಮೇಡಂ, ಎರಡು ಗಂಟೆ ಅಂತ ಫ್ಲಾಟಾಗಿ ಹಾಕಿದೀರಲ್ಲ, ಇದು ಟ್ರಾಫಿಕ್ ಸೇರ್ಸಿನಾ, ಬಿಟ್ಟಾ?" ಎಂದರು.

"ಸರ್, ಇದು ವಿಮಾನ."

"ಗೊತ್ತು ಮೇಡಂ. ಆದ್ರೂ ಫ್ರೈಡೇ ಈವ್ನಿಂಗು, ಲಾಂಗ್ ವೀಕೆಂಡು ಎಲ್ಲಾ ಇರುತ್ತಲ್ಲ. ಯೂಸರ್ ನಂಬ್ಕೊಂಡು ಮನೆ ಬಿಡ್ತಾನೆ. ಆಮೇಲೆ ಬಂದು ನಮ್ಮನ್ನ ಬೈತಾನೆ."

ನಾನು ನಕ್ಷೆಯ ಮೇಲೆ ಗೆರೆಯನ್ನು ತೋರಿಸಿದೆ. "ಇಲ್ಲಿ ನೋಡಿ ಸರ್, ಇದು ಸರೋವರ, ಇದು ಬರೇ ಬಯಲು, ಇದು ಮರಳುಗಾಡು. ಮೇಲೆ ಆಕಾಶ. ಒಂದು ಹದ್ದು ಅಡ್ಡ ಬಂದರೆ ಬಂತು."

ಮ್ಯಾನೇಜರು ಆ ಗೆರೆಯನ್ನೇ ನೋಡುತ್ತ ಕೂತರು. ಅವರ ಮುಖ ಮೆತ್ತಗಾಯಿತು. ಕಣ್ಣು ಎಲ್ಲೋ ಹೋಯಿತು. ಮೀಟಿಂಗಿನಲ್ಲಿದ್ದವರೆಲ್ಲ ಕಾಯುತ್ತಿದ್ದೆವು. ಕೊನೆಗೆ ಉಸಿರು ಬಿಟ್ಟು, "ಎರಡು ಗಂಟೆ ಪೂರ್ತಿ ಬ್ರೇಕೇ ಒತ್ತೋ ಹಾಗಿಲ್ಲ ಅಲ್ವಾ ಮೇಡಂ? ನಮ್ಮ ಆಫೀಸನ್ನ ಅಲ್ಲೇ ಶಿಫ್ಟ್ ಮಾಡಿದ್ರೆ ಹೇಗೆ?" ಎಂದರು.

"ಎಲ್ಲಿಗೆ ಸರ್, ನೈರೋಬಿಗಾ?"

"ಇಲ್ಲ ಮೇಡಂ, ಆ ಗೆರೆ ಮೇಲೆ."

ಸುಮ್ಮನೆ ಕೇಳಿದೆ

ನಮಗೆ ಒಬ್ಬಳೇ ಮಗಳು, ಮಕ್ಕಳ ಡಾಕ್ಟರು. ಅಡಿಸ್ ಅಬಾಬದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆಂದು ಹೋಗಿದ್ದಾಳೆ. ಹುಟ್ಟಿ ಬೆಳೆದದ್ದು ಇಲ್ಲೇ. ನಾವು ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಕೆಲಸದ ಬಗ್ಗೆ ಇಷ್ಟು ವರ್ಷದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದವಳಲ್ಲ. ಅಮ್ಮ ಏನೋ ದೂರ ಅಳೆಯುತ್ತಾಳೆ ಎಂದಷ್ಟೇ ಅವಳಿಗೆ ಗೊತ್ತು.

ಒಂದು ಭಾನುವಾರ ಫೋನಿನಲ್ಲಿ ಹವೆ, ಊಟ, ಆಸ್ಪತ್ರೆ ಎಲ್ಲ ಮುಗಿದ ಮೇಲೆ, "ಅಮ್ಮ, ಹೀಗೇ ಸುಮ್ಮನೆ ಕೇಳ್ತಿದೀನಿ, ಇಲ್ಲಿಂದ ನೈರೋಬಿಗೆ ಫ್ಲೈಟು ಎಷ್ಟು ಹೊತ್ತು?" ಎಂದು ಇಂಗ್ಲಿಷಿನಲ್ಲೇ ಕೇಳಿದಳು.

ನನಗೆ ಆನಂದವೋ ಆನಂದ. ಮಗಳು ಕೊನೆಗೂ ನನ್ನ ಕೆಲಸದ ಬಗ್ಗೆ ಕೇಳಿದಳಲ್ಲ! ದೂರ ಹೇಳಿದೆ, ಹೊತ್ತು ಹೇಳಿದೆ, ಹೋಗುವಾಗ ಬಲಗಡೆ ಕಿಟಕಿಯಲ್ಲಿ ಕೂತರೆ ಸರೋವರಗಳು ಕಾಣಬಹುದು ಎಂದೂ ಹೇಳಿದೆ. ಎರಡೂ ಊರಿನ ಗಡಿಯಾರ ಒಂದೇ, ನಿದ್ದೆ ಕೆಡುವುದಿಲ್ಲ ಎಂದೂ ಸೇರಿಸಿದೆ. ಅವಳು ಎಲ್ಲಕ್ಕೂ "ನೈಸ್, ನೈಸ್" ಎನ್ನುತ್ತಿದ್ದಳು. ಹೇಳುತ್ತ ಹೇಳುತ್ತ ನಾನೇ ಆ ವಿಮಾನ ಹತ್ತಿ ಅರ್ಧ ದಾರಿಗೆ ಹೋಗಿಬಿಟ್ಟಿದ್ದೆ.

ನನ್ನ ಹಿಂದೆ ನೆಲದ ಮೇಲೆ ಕೂತು ನಮ್ಮ ಅತ್ತೆ ಬಸಳೆ ಸೊಪ್ಪು ಸೋಸುತ್ತಿದ್ದರು. ಉಡುಪಿಯ ಕಡೆಯವರು, ನಮ್ಮ ಜೊತೆಗೇ ಇರುತ್ತಾರೆ. ಸೊಪ್ಪಿನಿಂದ ತಲೆ ಎತ್ತದೆ ಹೇಳಿದರು:

"ವಿಮಾನದ ಸುದ್ದಿ ಸಾಕು ಮಾರಾಯ್ತಿ. ಹುಡುಗ ಎಂತ ಕೆಲಸದಲ್ಲಿದ್ದಾನೆ, ಅದು ಕೇಳು."

ಘಟ್ಟದ ಮೇಲೆ

ಹುಡುಗ ಇದ್ದದ್ದು ನಿಜ. ನೈರೋಬಿಯಲ್ಲಿ ಸೋಲಾರ್ ಇಂಜಿನಿಯರು. ಮೈಸೂರಿನವರ ಮಗ, ತಂದೆತಾಯಿ ಇರುವುದು ನನ್ನ ಆಫೀಸಿನ ಊರು ವಾಲ್ನಟ್ ಕ್ರೀಕಿನಲ್ಲೇ. ಇಲ್ಲಿ ಕಾರಿನಲ್ಲಿ ಒಂದು ಗಂಟೆಯ ದೂರದಲ್ಲಿದ್ದಾಗ ಭೇಟಿಯಾಗದವರು ಅಲ್ಲಿ ಯಾವುದೋ ಗೆಳೆಯರ ಊಟದ ಮನೆಯಲ್ಲಿ ಭೇಟಿಯಾಗಿದ್ದರು. ಮಗಳ ಬಾಯಿಂದ ಇಷ್ಟು ಹೊರಡಿಸುವಷ್ಟರಲ್ಲಿ ಅತ್ತೆಗೆ ಸಾಕುಸಾಕಾಯಿತು.

ಆಮೇಲಿನ ಭಾನುವಾರಗಳಲ್ಲಿ ನನಗೂ ಅತ್ತೆಗೂ ಒಂದೇ ಕೆಲಸ. ಊಟ ಮುಗಿಸಿ, ಆಫ್ರಿಕಾದ ದೊಡ್ಡ ನಕ್ಷೆಯನ್ನು ಚಾಪೆಯ ಮೇಲೆ ಹರಡಿ, ಅದರ ಎರಡು ಕಡೆ ಕೂರುವುದು. ಹಿತ್ತಲಿನ ಬಾಗಿಲು ತೆರೆದಿರುತ್ತದೆ, ಬಿಸಿಲು ಕಾಲಿನವರೆಗೆ ಬರುತ್ತದೆ, ಮಾತು ತೂಕಡಿಸುತ್ತ ಸಾಗುತ್ತದೆ. ನಾನು ಬೆರಳಿನಿಂದ ದಾರಿ ತೋರಿಸುತ್ತೇನೆ, ಅತ್ತೆ ಕೇಳುತ್ತಾರೆ. ನಡುವೆ ಕಾಡುಂಟಾ, ನದಿ ಉಂಟಾ, ಆ ಸರೋವರದ ದಡದಲ್ಲಿ ಯಾರಿದ್ದಾರೆ, ಅವರು ಬೆಳಿಗ್ಗೆ ಎಂತ ತಿನ್ನುತ್ತಾರೆ. ಎಷ್ಟೋ ಸಲ ಇಬ್ಬರೂ ನಕ್ಷೆಯ ಪಕ್ಕದಲ್ಲೇ ಮಲಗಿ ನಿದ್ದೆ ಹೋದದ್ದುಂಟು.

ಒಂದು ಭಾನುವಾರ ಅತ್ತೆಗೆ ಇದ್ದಕ್ಕಿದ್ದಂತೆ ಚಿಂತೆ ಹತ್ತಿತು. "ಹುಡುಗ ಮೈಸೂರಿನವ. ಅಂದ್ರೆ ಘಟ್ಟದ ಮೇಲಿನವ." ಕರಾವಳಿಯ ಹಳೆಯ ತಲೆಗಳಿಗೆ ಘಟ್ಟದ ಮೇಲೆ ಹೆಣ್ಣು ಕೊಡುವುದು ಎಂದರೆ ಬೇರೆ ದೇಶಕ್ಕೆ ಕೊಟ್ಟ ಹಾಗೆ. "ಅವ ಈಗ ಇರುವ ಊರು ಹೇಗೆ? ಕೆಳಗಾ, ಮೇಲಾ?"

"ನೈರೋಬಿಯೂ ಎತ್ತರದಲ್ಲೇ ಇದೆ ಅತ್ತೆ. ಮೈಸೂರಿಗಿಂತ ಎಷ್ಟೋ ಮೇಲೆ."

"ನಮ್ಮ ಹುಡುಗಿ ಇರುವುದು?"

"ಅಡಿಸ್ ಅಬಾಬ ಅದಕ್ಕಿಂತ ಎತ್ತರ."

ಅತ್ತೆ ಎರಡೂ ಊರುಗಳ ಮೇಲೆ ಒಂದೊಂದು ಬೆರಳಿಟ್ಟು ನೋಡಿದರು. ಮುಖ ನಿಧಾನವಾಗಿ ಅರಳಿತು. "ಹಾಗಾದ್ರೆ ಇವಳೇ ಘಟ್ಟದ ಮೇಲಿನವಳು, ಅವನೇ ಕೆಳಗಿನವ! ಪಾಪ, ಅವನ ಅಮ್ಮನಿಗೆ ಹೇಗಾಗ್ತದೋ."

ಸೂರ್ಯನ ಗಡಿಯಾರ

ಅಡಿಸ್ ಅಬಾಬಕ್ಕೆ ಹೋದ ಹೊಸತರಲ್ಲಿ ಮಗಳಿಗೆ ಆದದ್ದು ಇದು. ಟ್ಯಾಕ್ಸಿಯವನು "ನಾಳೆ ಎರಡು ಗಂಟೆಗೆ ಬರುತ್ತೇನೆ" ಎಂದಿದ್ದನಂತೆ. ಮಧ್ಯಾಹ್ನ ಎರಡಕ್ಕೆ ಇವಳು ಗೇಟಿನ ಬಳಿ ನಿಂತರೆ ಅವನ ಪತ್ತೆಯಿಲ್ಲ. ಅವನು ಬೆಳಿಗ್ಗೆ ಎಂಟಕ್ಕೇ ಬಂದು, ಹಾರ್ನು ಹೊಡೆದು, ಬೇಜಾರಿನಿಂದ ಹೋಗಿದ್ದ. ಅಲ್ಲಿಯ ಜನ ಮಾತಿನಲ್ಲಿ ದಿನವನ್ನು ಸೂರ್ಯ ಹುಟ್ಟಿದಲ್ಲಿಂದ ಎಣಿಸುತ್ತಾರೆ. ನಮ್ಮ ಏಳು ಅವರ ಒಂದು, ನಮ್ಮ ಎಂಟು ಅವರ ಎರಡು.

ಮಗಳು ಇದನ್ನು ಹೇಳಿ ನಕ್ಕಳು, ನಾನೂ ನಕ್ಕೆ, ನಮ್ಮ ಮನೆಯವರು ಎಷ್ಟು ಕಷ್ಟ ಎಂದು ತಲೆ ಅಲ್ಲಾಡಿಸಿದರು. ಅತ್ತೆ ಮಾತ್ರ ನಗಲಿಲ್ಲ. ಎದ್ದು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ತಮ್ಮ ಪಂಚಾಂಗದ ಮುಂದೆ ನಿಂತರು. ಅವರಿಗೆ ಪಂಚಾಂಗ ನೋಡದೆ ಉಪ್ಪಿನಕಾಯಿಯ ಭರಣಿಯ ಬಾಯಿ ತೆಗೆಯುವುದೂ ಒಗ್ಗದು. ಸೂರ್ಯೋದಯದಿಂದ ಗಳಿಗೆ ಎಣಿಸಿ ಬೆಳೆದ ಜೀವ.

"ಸರಿಯಾಗೇ ಉಂಟಲ್ಲ," ಎಂದರು. "ಸೂರ್ಯ ಹುಟ್ಟಿದ ಮೇಲೆ ದಿನ ಶುರು, ಒಂದರಿಂದ ಎಣಿಕೆ. ಇದರಲ್ಲಿ ನಗುದೆಂತಕ್ಕೆ? ಅಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ?"

"ವರ್ಷವಿಡೀ ಆರರಿಂದ ಏಳರ ಒಳಗೇ ಅತ್ತೆ. ನೈರೋಬಿಯಲ್ಲೂ ಹಾಗೇ."

"ನೋಡು. ಸೂರ್ಯನೂ ಹೇಳಿದ ಹೊತ್ತಿಗೆ ಬರುತ್ತಾನೆ. ಈ ಕ್ಯಾಲಿಫೋರ್ನಿಯಾದಲ್ಲಿ ನಿಮ್ಮವರು ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ತಿರುಗಿಸಿದಾಗ ನಾನು ಎಂತಾದರೂ ಅಂದೆನಾ?"

ಹತ್ತಿರದ ಮನೆ

ರಜೆಯಲ್ಲಿ ಹುಡುಗ ವಾಲ್ನಟ್ ಕ್ರೀಕಿಗೆ ಬಂದ. ಮಗಳು ಬಂದಿರಲಿಲ್ಲ, ಅವಳಿಗೆ ರಜೆ ಇರಲಿಲ್ಲ. ಅಜ್ಜಿಯನ್ನು ನೋಡಿ ಬಾ ಎಂದು ಅವಳೇ ಕಳಿಸಿದ್ದಳು. ಶುಕ್ರವಾರ ಸಂಜೆ ಊಟಕ್ಕೆ ಕರೆದೆವು. ಅತ್ತೆ ಕೆಸುವಿನೆಲೆಯ ಪತ್ರೊಡೆ ಮಾಡಿ ಮುಚ್ಚಿಟ್ಟು ಬಾಗಿಲಲ್ಲಿ ಕೂತರು. ಪತ್ರೊಡೆ ಆರಿತು. ಬಿಸಿ ಮಾಡಿದರು. ಮತ್ತೆ ಆರಿತು. ಅಂತೂ ಹುಡುಗ ಬಂದ. ಶರಟು ಮುದ್ದೆ, ಮುಖ ಬಾಡಿದೆ, ಕೈಯಲ್ಲಿದ್ದ ಹೂವಿಗೂ ಸುಸ್ತು.

"ಸಾರಿ ಅಜ್ಜಿ, ಸಾರಿ ಆಂಟಿ, ಫ್ರೀವೇಲಿ ಏನೋ ಆಕ್ಸಿಡೆಂಟ್ ಆಗಿತ್ತು, ಪೂರ್ತಿ ನಿಂತೋಗಿತ್ತು. ಎರಡೂವರೆ ಗಂಟೆ ಹಿಡೀತು."

ಅತ್ತೆ ಅವನನ್ನು ಕೂರಿಸಿ, ನೀರು ಕೊಟ್ಟು, ತಟ್ಟೆಗೆ ಬಡಿಸಿದರು. ತಿನ್ನುವುದನ್ನು ಗಮನವಿಟ್ಟು ನೋಡಿದರು. ಎರಡನೇ ಸಲ ಅವನಾಗಿಯೇ ಕೇಳಿ ಹಾಕಿಸಿಕೊಂಡದ್ದು ಅವರ ಮನಸ್ಸಿಗೆ ಬಂತು. ಆಮೇಲೆ ಮೆಲ್ಲಗೆ ಕೇಳಿದರು: "ಅಲ್ಲ ಮಗಾ, ನಿನ್ನ ನೈರೋಬಿಯಿಂದ ನಮ್ಮ ಹುಡುಗಿಯ ಊರಿಗೆ ಎಷ್ಟು ಹೊತ್ತು?"

"ಎರಡೇ ಗಂಟೆ ಅಜ್ಜಿ."

"ನಿನ್ನ ಅಮ್ಮನ ಮನೆಯಿಂದ ಇಲ್ಲಿಗೆ ಎರಡೂವರೆ."

"ಹೌದಜ್ಜಿ."

"ಹಾಗಾದ್ರೆ ಈ ಅಜ್ಜಿಗಿಂತ ಅವಳೇ ನಿನಗೆ ಹತ್ತಿರ ಅಂತ ಹೇಳು!"

ಹುಡುಗನ ಕಿವಿ ಕೆಂಪಾಯಿತು. ಇಂಜಿನಿಯರಾದ ನಮ್ಮ ಮನೆಯವರು ಗಂಭೀರವಾಗಿ, "ಟ್ರಾಫಿಕ್ ಇಲ್ಲದಿದ್ದರೆ ನಾವೇ ಹತ್ತಿರ" ಎಂದು ತಿದ್ದಿದರು.

ಹೋಗುವ ದಾರಿ, ಬರುವ ದಾರಿ

ಇಷ್ಟರವರೆಗೆ ಎಲ್ಲ ಚೆಂದವಿತ್ತು. ಹುಡುಗ ನೈರೋಬಿಗೆ ಮರಳಿದ ಮೇಲೆ ಅವನೂ ಮಗಳೂ ಜಗಳವಾಡಿದರು. ಮದುವೆಯಾದ ಮೇಲೆ ಎಲ್ಲಿರುವುದು? ಅವಳ ಆಸ್ಪತ್ರೆ ಅಡಿಸ್ ಅಬಾಬದಲ್ಲಿ, ಅವನ ಕೆಲಸ ನೈರೋಬಿಯಲ್ಲಿ. "ಎರಡೇ ಗಂಟೆ ತಾನೇ, ನೀನೇ ಬಾ" ಎಂದು ಅವಳು. "ಎರಡೇ ಗಂಟೆ ತಾನೇ, ನೀನು ಬರೋಕಾಗಲ್ವಾ" ಎಂದು ಅವನು. ನಾನು ಅಷ್ಟು ಪ್ರೀತಿಯಿಂದ ಹೇಳಿಕೊಟ್ಟ ಆ ಎರಡು ಗಂಟೆಯನ್ನೇ ಹಿಡಿದು ಒಬ್ಬರಿಗೊಬ್ಬರು ಎಸೆದುಕೊಂಡರು. ಕೊನೆಗೆ ಮಾತೇ ನಿಂತಿತು. ಮೊದಲು ಯಾರು ಬರುತ್ತಾರೋ ನೋಡೋಣ ಎಂದು ಇಬ್ಬರೂ ಕೂತರು, ಯಾರೂ ಬರಲಿಲ್ಲ.

ಮಗಳು ಫೋನಿನಲ್ಲಿ ಹವೆ, ಊಟ, ಆಸ್ಪತ್ರೆ ಎಂದು ಮೂರೇ ಮಾತಾಡಿ ಇಡುತ್ತಿದ್ದಳು. ಈ ಸಂಬಂಧ ಮುರಿದರೆ ಅವಳು ಇನ್ನೊಬ್ಬನನ್ನು ಹುಡುಕುವವಳಲ್ಲ, ಅದು ನನಗೆ ಗೊತ್ತು. ಟ್ರೇನಿನಲ್ಲಿ ಕೂತು ಕಣ್ಣು ಮುಚ್ಚಿದರೆ ಸರೋವರ ಕಾಣುತ್ತಿರಲಿಲ್ಲ. ಖಾಲಿ ಸೀಟುಗಳ ವಿಮಾನವೊಂದು ಸುಮ್ಮನೆ ಹೋಗಿ ಬಂದು ಮಾಡುತ್ತಿತ್ತು.

ಅದೇ ವಾರ ಮ್ಯಾನೇಜರು, "ಮೇಡಂ, ಅಡಿಸ್ ಟು ನೈರೋಬಿ ಒಂದು ಪೇಜು, ನೈರೋಬಿ ಟು ಅಡಿಸ್ ಇನ್ನೊಂದು ಪೇಜು. ಎರಡೂ ಒಂದೇ ಡಿಸ್ಟೆನ್ಸ್ ಅಲ್ವಾ, ಒಂದು ತೆಗ್ದುಬಿಡಿ" ಎಂದರು.

"ಒಂದೇ ಅಲ್ಲ ಸರ್," ಎಂದೆ. ನನಗೇ ಗೊತ್ತಿಲ್ಲದೆ ದನಿ ಏರಿತ್ತು. "ಹೋಗುವುದು ಬೇರೆ, ಬರುವುದು ಬೇರೆ. ತೆಗೆದರೆ ನಾನು ಕೆಲಸ ಬಿಡುತ್ತೇನೆ." ಪಾಪ, ಅವರು ಗಾಳಿಯ ದಿಕ್ಕಿನ ಲೆಕ್ಕವಿರಬೇಕು ಎಂದುಕೊಂಡು, "ಓಕೆ ಓಕೆ, ವಿಂಡು" ಎಂದು ಹಿಂದೆ ಸರಿದರು.

ಮನೆಯಲ್ಲಿ ನಮ್ಮ ಮನೆಯವರು ತಮ್ಮದೇ ರೀತಿಯಲ್ಲಿ ಪರಿಹಾರ ಹುಡುಕಿದರು. ಲ್ಯಾಪ್‌ಟಾಪಿನಲ್ಲಿ ಎರಡೂ ಊರಿನ ಸರಿಯಾದ ನಡುಬಿಂದು ಕಂಡುಹಿಡಿದು, ಅಲ್ಲೊಂದು ಪಿನ್ನು ಚುಚ್ಚಿ, ತಮ್ಮ ಅಮ್ಮನಿಗೆ ತೋರಿಸಿದರು. "ಇಲ್ಲಿ ಮನೆ ಮಾಡಲಿ. ಇಬ್ಬರಿಗೂ ಸಮ ದೂರ. ಜಗಳಕ್ಕೆ ಜಾಗವೇ ಇಲ್ಲ."

ಅತ್ತೆ ಕನ್ನಡಕ ಹಾಕಿ ನೋಡಿದರು. ಸುತ್ತಲೂ ಒಣ ಬಯಲು. "ಇಲ್ಲಿ ಊರುಂಟಾ?"

"ಇಲ್ಲ."

"ನೀರುಂಟಾ?"

"ಇಲ್ಲಮ್ಮ, ಆದರೆ ಲೆಕ್ಕ ಸರಿಯಿದೆ."

"ಹಾಗಾದ್ರೆ ನೀನೇ ಮೊದಲು ಹೋಗಿ ಬಾವಿ ತೋಡು," ಎಂದು ಅತ್ತೆ ಎದ್ದುಹೋದರು. "ನಿನ್ನ ಮಾವ ಮಗಳ ಸಂಬಂಧ ಕೇಳಿ ನಮ್ಮ ಮನೆಗೆ ಬಂದಾಗ ನಾನು ನಡುಬಿಂದು ಕೇಳಿದ್ದರೆ ನಿನಗೆ ಈ ಹೆಂಡತಿ ಸಿಗುತ್ತಿದ್ದಳಾ?"

ಒಂದೇ ಮುಹೂರ್ತ

ಆ ದಿನಗಳಲ್ಲಿ ಅತ್ತೆ ಟ್ಯಾಬ್ಲೆಟ್ಟು ಹಿಡಿದು ಹಿತ್ತಲಿನ ನಿಂಬೆಗಿಡದ ಕಡೆ ಹೋಗುವುದು ಹೆಚ್ಚಾಯಿತು. ಯಾರ ಫೋನು ಎಂದರೆ, "ಉಡುಪಿಯಿಂದ" ಎನ್ನುವರು. ಬಂದು ಪಂಚಾಂಗ ತಿರುವುವರು, ಬೆರಳು ಮಡಿಸುವರು, ತಮ್ಮಷ್ಟಕ್ಕೆ ತಲೆದೂಗುವರು. ನನಗೆ ಕೇಳಲು ಮನಸ್ಸಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಅತ್ತೆ ನೀರುದೋಸೆ ಹೊಯ್ಯುತ್ತಿದ್ದರು. ನಾನು ಕಾಯಿ ತುರಿಯುತ್ತ, ತುರಿಯುವುದನ್ನು ಮರೆತು ಕಿಟಕಿಯ ಆಚೆ ನೋಡುತ್ತಿದ್ದೆ. ಇಲ್ಲಿ ಬೆಳಗಾದರೆ ಅಲ್ಲಿ ಸಂಜೆ. ನನ್ನ ಫೋನಿಗೆ ವಿಡಿಯೋ ಕಾಲು ಬಂತು. ಮಗಳು. ಅಳುತ್ತಿದ್ದಾಳೆ. ಅಳುವ ಗಡಿಬಿಡಿಯಲ್ಲಿ ಇಂಗ್ಲಿಷು ಬಿಟ್ಟು ತುಳುವಿಗೇ ಇಳಿದಿದ್ದಾಳೆ.

"ಅಮ್ಮ, ನಾನು ನೈರೋಬಿಯಲ್ಲಿದ್ದೇನೆ. ಅವನ ಮನೆ ಮುಂದೆ. ಬೀಗ ಹಾಕಿದೆ. ವಾಚ್‌ಮ್ಯಾನ್ ಹೇಳ್ತಾನೆ, ಮಧ್ಯಾಹ್ನ ಬ್ಯಾಗು ತಗೊಂಡು ಹೊರಟುಹೋದ ಅಂತ. ನಾನೇ ಬಂದೆ ಅಮ್ಮ, ಸೋತು ಬಂದೆ, ಅವನು ಊರನ್ನೇ ಬಿಟ್ಟು ಹೋಗಿದಾನೆ!"

ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ಏನು ಹೇಳಿ ಸಮಾಧಾನ ಮಾಡಲಿ? ಅಷ್ಟರಲ್ಲಿ ಒಲೆಯ ಪಕ್ಕ ಅತ್ತೆಯ ಟ್ಯಾಬ್ಲೆಟ್ಟು ಕೂಗಿತು. ಅತ್ತೆ ಸಟ್ಟುಗ ಹಿಡಿದ ಕೈಯಲ್ಲೇ ಒತ್ತಿದರು. ಪರದೆಯ ತುಂಬ ಹುಡುಗನ ಮುಖ. ಅದೇ ಮುದ್ದೆ ಶರಟು.

"ಅಜ್ಜಿ, ನೀವು ಹೇಳಿದ ಟೈಮಿಗೇ ಹೊಸಿಲು ದಾಟಿ ಅಡಿಸ್‌ಗೆ ಬಂದೆ. ಇಲ್ಲಿ ಇವಳು ಇಲ್ಲ! ಎಲ್ಲೋ ಹೋಗಿದಾಳಂತೆ, ಎಲ್ಲಿಗೆ ಅಂತ ಯಾರಿಗೂ ಹೇಳಿಲ್ಲ. ಅವಳು ನನ್ನ ಬಿಟ್ಟೇಬಿಟ್ಳು ಅಜ್ಜಿ."

ನಾನು ಫೋನನ್ನು ನೋಡಿದೆ, ಟ್ಯಾಬ್ಲೆಟ್ಟನ್ನು ನೋಡಿದೆ, ಅತ್ತೆಯನ್ನು ನೋಡಿದೆ. ಅತ್ತೆ ದೋಸೆ ಮಗುಚಿದರು. ಆ ಕ್ಷಣ ನನಗೆ ಎಲ್ಲ ಕಂಡಿತು. ಎರಡು ವಿಮಾನಗಳು, ಒಂದು ಬಡಗಿನಿಂದ, ಒಂದು ತೆಂಕಿನಿಂದ, ಆ ಸರೋವರಗಳ ಮೇಲೆಲ್ಲೋ, ಮೋಡದ ಈಚೆ ಒಂದು ಆಚೆ ಒಂದು. ಒಂದರ ಕಿಟಕಿಯಲ್ಲಿ ಅವಳು, ಇನ್ನೊಂದರ ಕಿಟಕಿಯಲ್ಲಿ ಅವನು, ಇಬ್ಬರೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತ, ಹಾದುಹೋಗಿದ್ದರು.

ಫೋನನ್ನು ಟ್ಯಾಬ್ಲೆಟ್ಟಿನ ಎದುರು ಹಿಡಿದೆ. ಅಡಿಸ್ ಅಬಾಬದಿಂದ ಅವನು, ನೈರೋಬಿಯಿಂದ ಅವಳು, ಮಾರ್ಗನ್ ಹಿಲ್‌ನ ನಮ್ಮ ದೋಸೆ ಕಾವಲಿಯ ಮೇಲೆ ಮುಖಾಮುಖಿಯಾದರು. ಆಮೇಲೆ ಇಬ್ಬರೂ ಒಟ್ಟಿಗೇ "ಸಾರಿ" ಎಂದರು. ಮತ್ತೆ ಒಟ್ಟಿಗೇ, ನಾನು ನಿನ್ನೂರಿಗೇ ಕೆಲಸ ನೋಡಿಕೊಂಡು ಬರುತ್ತೇನೆ ಎಂದರು. ಮರುಕ್ಷಣ ಹೊಸ ಜಗಳ. "ಇಲ್ಲ, ನಾನು ಬರ್ತೀನಿ." "ಬೇಡ, ನಾನೇ ಬರ್ತೀನಿ." ಅಷ್ಟು ಸುಖದ ಜಗಳವನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಲು ಹೋದೆ, ಹಾಕಿಕೊಂಡದ್ದು ಟೀಶರ್ಟು.

ಅಡಿಸ್ ಅಬಾಬದಲ್ಲಿ ಮಗಳ ಮನೆಯೊಡತಿ, ದೂರದಿಂದ ಬಂದವನನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೇ ಎಂದು ಮಗಳ ಮನೆಯ ಬಾಗಿಲು ತೆರೆದು ಅವನನ್ನು ಒಳಗೆ ಕರೆದು, ಅವನೆದುರೇ ಕಾಫಿಬೀಜ ಹುರಿಯಲು ಕೂತಳು. ಮೂರು ಸುತ್ತು ಕಾಫಿ ಕುಡಿಯದೆ ಏಳುವಂತಿಲ್ಲ, ಅದು ಅಲ್ಲಿಯ ಪದ್ಧತಿ. ಹುಡುಗ ಅಲ್ಲಿಂದಲೇ ಫೋನಿನಲ್ಲಿ ಹೇಳಿ ನೈರೋಬಿಯ ವಾಚ್‌ಮ್ಯಾನನಿಂದ ಮಗಳಿಗೆ ಬೀಗದ ಕೈ ಕೊಡಿಸಿದ. ಮಗಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ದನಿ: "ಈ ಮನೇಲಿ ತೊಳೆದ ಲೋಟ ಅಂತ ಒಂದಾದ್ರೂ ಇದೆಯಾ?" ಅವನ ದನಿ: "ನಿನ್ನ ಬಾಲ್ಕನಿಯ ಕರಿಬೇವು ಒಣಗ್ತಾ ಇದೆ, ನೀರು ಹಾಕ್ತಿದೀನಿ."

ನಾನು ಅತ್ತೆಯ ಕಡೆ ತಿರುಗಿದೆ. "ಅತ್ತೆ, ಇಬ್ಬರೂ ನಿಮ್ಮನ್ನೇ ಕೇಳಿದ್ದರಾ?"

"ಹೂಂ. ಅವಳು, ಅಜ್ಜಿ ನಾನೇ ಹೋಗ್ತೇನೆ, ಒಳ್ಳೆ ಹೊತ್ತು ಹೇಳು, ಯಾರಿಗೂ ಹೇಳಬೇಡ ಅಂದಳು. ಅವನೂ ಹಾಗೇ ಅಂದ. ಯಾರಿಗೂ ಅಂದ್ರೆ ಯಾರಿಗೂ."

"ಒಂದೇ ದಿನ, ಒಂದೇ ಹೊತ್ತು ಹೇಳಿದಿರಲ್ಲ!"

"ಆ ವಾರದಲ್ಲಿ ಒಳ್ಳೆಯ ಮುಹೂರ್ತ ಇದ್ದದ್ದೇ ಒಂದು," ಎಂದು ಅತ್ತೆ ನನ್ನನ್ನೇ ಗದರಿದರು. "ಒಬ್ಬರಿಗೆ ಅದು ಕೊಟ್ಟು, ಇನ್ನೊಬ್ಬರನ್ನು ರಾಹುಕಾಲದಲ್ಲಿ ಹೊರಡಿಸುದಾ? ನನಗೆ ಇಬ್ಬರೂ ಒಂದೇ."

ಅಷ್ಟು ಹೊತ್ತಿಗೆ ವಾಲ್ನಟ್ ಕ್ರೀಕಿನಿಂದ ಹುಡುಗನ ತಾಯಿಯ ಫೋನು. ಮಗ ಸುದ್ದಿ ಮುಟ್ಟಿಸಿದ್ದ. ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. ಆದರೆ ಮೈಸೂರಿನವರು, ಎಲ್ಲ ಕ್ರಮವಾಗಿ ಆಗಬೇಕು ಎನ್ನುವವರು. "ನೋಡೀಮ್ಮಾ, ಮಕ್ಕಳು ಒಪ್ಕೊಂಡಿದಾರೆ, ಸರಿ. ಆದ್ರೆ ಶಾಸ್ತ್ರ ಅಂತ ಒಂದಿದೆಯಲ್ಲ. ಮೊದಲು ನಮ್ಮ ಹುಡುಗ ಹುಡುಗಿ ಮನೆ ನೋಡೋಕೆ ಬರ್ಬೇಕು, ಕಾಫಿ ತಿಂಡಿ ಆಗ್ಬೇಕು. ಆಮೇಲೆ ನಿಮ್ಮ ಕಡೆಯವರು ಹುಡುಗನ ಮನೆ ನೋಡೋಕೆ ಬರ್ಬೇಕು. ಯಾವತ್ತು ಇಟ್ಕೊಳೋಣ?"

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಅಮ್ಮಾ, ನಿಮ್ಮ ಹುಡುಗ ಈಗ ನಮ್ಮ ಹುಡುಗಿಯ ಮನೆ ನೋಡ್ತಾ ಇದ್ದಾನೆ, ಎರಡನೇ ಸುತ್ತು ಕಾಫಿ ನಡೀತಾ ಉಂಟು. ನಮ್ಮ ಹುಡುಗಿ ನಿಮ್ಮ ಹುಡುಗನ ಮನೆ ನೋಡ್ತಾ ಇದ್ದಾಳೆ, ಮನೆ ಒಪ್ಪಿಗೆ, ಪಾತ್ರೆ ತೊಳೆದಿಲ್ಲ ಅಂತ ಒಂದೇ ದೂರು. ಎರಡು ಶಾಸ್ತ್ರವೂ ಒಂದೇ ಮುಹೂರ್ತದಲ್ಲಿ ಮುಗೀತು. ಇನ್ನು ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುದು ಒಂದು ಬಾಕಿ, ಅದನ್ನು ಮದುವೆಯ ದಿನ ಇಟ್ಟುಕೊಳ್ಳುವ."